ಬೆಂಕಿಪೊಟ್ಟಣದ ಲೆಕ್ಕ

– ಮಾವ, ಒಂದು ಪಟ್ಟಿ ಓದ್ತೀನಿ, ಕೇಳಿಸ್ಕೊಳ್ಳಿ. ಎಲ್ಲಾದ್ರೂ ತಪ್ಪಿದ್ರೆ ಹೇಳಿ.

– ಯಾವುದರ ಪಟ್ಟಿ?

– ಮಕ್ಕಳಿಗೆ ಅಂತ ವಿಡಿಯೋ ಮಾಡ್ತಿದ್ದೀವಲ್ಲ, ಅದರ ಮುಂದಿನ ಕಂತು. ‘ಅಚಾನಕ್ಕಾಗಿ ಹುಟ್ಟಿದ ಹತ್ತು ವಸ್ತುಗಳು’. ಮೊದಲನೇದು ಆಲೂಗಡ್ಡೆ ಚಿಪ್ಸ್. 1853, ಅಮೆರಿಕದ ಸಾರಟೋಗ. ಹೋಟೆಲಿಗೆ ಬಂದ ಗಿರಾಕಿಯೊಬ್ಬ ಆಲೂಗಡ್ಡೆ ತೀರಾ ದಪ್ಪಗಿದೆ ಅಂತ ತಟ್ಟೆ ವಾಪಸ್ ಕಳಿಸಿದ. ಅಡುಗೆಯವನು ಜಾರ್ಜ್ ಕ್ರಮ್‌ಗೆ ರೇಗಿಹೋಯ್ತು. ಕಾಗದದಷ್ಟು ತೆಳ್ಳಗೆ ಹೆಚ್ಚಿ, ಗರಿಗರಿಯಾಗಿ ಕರಿದು, ಮೇಲೆ ಉಪ್ಪು ಸುರಿದು ಕಳಿಸಿದ. ಗಿರಾಕಿ ಬೆರಳು ಚೀಪಿಕೊಂಡು ತಿಂದ.

– ಹೊಡೆದು ಹಾಕು ಅದನ್ನ.

– ಎಷ್ಟು ಚೆನ್ನಾಗಿದೆ ಕಥೆ!

– ಕಥೆ ಚೆನ್ನಾಗಿದೆ. ಆದ್ರೆ 1817ರಲ್ಲೇ ಲಂಡನ್ನಿನಲ್ಲಿ ವಿಲಿಯಂ ಕಿಚಿನರ್ ಅನ್ನೋರ ಅಡುಗೆ ಪುಸ್ತಕ ಬಂದಿತ್ತು. ಆಲೂಗಡ್ಡೇನ ತೆಳ್ಳಗೆ ಹೆರೆದು ಕೊಬ್ಬಿನಲ್ಲಿ ಕರಿಯೋದು ಹೇಗೆ ಅಂತ ಅದರಲ್ಲಿದೆ. ಸಿಟ್ಟು, ಗಿರಾಕಿ, ಉಪ್ಪು ಎಲ್ಲ ಆಮೇಲೆ ಸೇರಿಸಿದ ಒಗ್ಗರಣೆ.

– ಸರಿ, ವೆಲ್‌ಕ್ರೋ. ಇದು ಸುಳ್ಳಲ್ಲ. 1941ರಲ್ಲಿ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಜಾರ್ಜ್ ದ ಮೆಸ್ತ್ರಾಲ್ ನಾಯಿ ಜೊತೆ ಕಾಡು ಸುತ್ತಿ ಬಂದ. ಬಟ್ಟೆಗೆ, ನಾಯಿ ಮೈಗೆ ಎಲ್ಲ ಅಂಟುಮುಳ್ಳು. ಕಿತ್ತು ಬಿಸಾಕೋ ಬದಲು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ. ತುದೀಲಿ ಕೊಕ್ಕೆ!

– ಪೇಟೆಂಟ್ ಯಾವಾಗ ಸಿಕ್ತು?

– 1955.

– ಹದಿನಾಲ್ಕು ವರ್ಷ. ಅಷ್ಟು ದಿನ ಏನು ಮಾಡ್ತಿದ್ದ? ಹತ್ತೀಲಿ ನೇಯಿಸಿ ನೋಡಿದ, ಕೊಕ್ಕೆ ಸವೆದುಹೋಯ್ತು. ಫ್ರಾನ್ಸಿನ ಲಿಯೋನ್‌ಗೆ ಹೋಗಿ ನೇಕಾರರ ಕೈಕಾಲು ಹಿಡಿದ. ನೈಲಾನ್ ದಾರವನ್ನ ಶಾಖದಲ್ಲಿ ಹದ ಮಾಡಿದ್ರೆ ಕೊಕ್ಕೆ ಗಟ್ಟಿ ನಿಲ್ಲುತ್ತೆ ಅಂತ ಕಂಡುಕೊಂಡ. ಕುಣಿಕೆಗಳನ್ನ ಎಲ್ಲಿ ಕತ್ತರಿಸಿದ್ರೆ ಕೊಕ್ಕೆ ಆಗುತ್ತೆ, ಅದಕ್ಕೆ ಯಂತ್ರ ಹೇಗಿರಬೇಕು ಅನ್ನೋದಕ್ಕೆ ಮತ್ತಷ್ಟು ವರ್ಷ ಹೋಯ್ತು. ಅಚಾನಕ್ಕಾದದ್ದು ಒಂದು ಸಂಜೆ. ನಿನ್ನ ವಿಡಿಯೋದಲ್ಲಿ ಆ ಸಂಜೆಗೆ ಎಷ್ಟು ಸಮಯ?

– ನಲವತ್ತು ಸೆಕೆಂಡು.

– ಹದಿನಾಲ್ಕು ವರ್ಷಕ್ಕೆ?

– ...ಮೈಕ್ರೋವೇವ್ ಒಲೆ ಆದ್ರೂ ಇರಲಿ ಮಾವ. ಜೇಬಲ್ಲಿದ್ದ ಮಿಠಾಯಿ ಕರಗಿದ ಕಥೆ.

– ಇರಲಿ. ಆದ್ರೆ 1947ರಲ್ಲಿ ಮಾರಾಟಕ್ಕೆ ಬಂದಾಗ ಅದು ಆಳೆತ್ತರ ಇತ್ತು, ಮುನ್ನೂರು ಕಿಲೋ ಮೇಲೆ ತೂಕ. ಅಡುಗೆಮನೆ ಕಟ್ಟೆ ಮೇಲೆ ಕೂರೋ ಹಾಗಾಗಿದ್ದು 1967ರಲ್ಲಿ. ಅದನ್ನೂ ಹೇಳು.

– ಹೀಗೆ ಮಾಡಿದ್ರೆ ಹತ್ತರಲ್ಲಿ ಒಂದೂ ಉಳಿಯಲ್ಲ.

– ಒಂದೇ ಸಾಕು ಕಣೇ. ಹತ್ತನ್ನ ಮುಟ್ಟಿ ಓಡೋದಕ್ಕಿಂತ ಒಂದನ್ನ ಬಿಚ್ಚಿ ನೋಡು. ದೇವರ ಮನೇಲಿ ಬೆಂಕಿಪೊಟ್ಟಣ ಇದೆ, ತಗೊಂಡ್ಬಾ.

– ಇಗೋ.

– ಒಂದು ಕಡ್ಡಿ ತೆಗೆದು ಈ ಜಗಲಿ ಕಲ್ಲಿಗೆ ಗೀರು.

– ಹತ್ತಲ್ಲ. ಗೊತ್ತಿರೋದೇ ಅಲ್ವಾ?

– ಯಾಕೆ ಹತ್ತಲ್ಲ?

– ಕಲ್ಲು ನುಣುಪಾಗಿದೆ.

– ಮರಳು ಕಾಗದಕ್ಕೆ ಗೀರಿದ್ರೂ ಅಷ್ಟೆ. ತಿರುಗಿಸಿ ಪೊಟ್ಟಣದ ಪಕ್ಕ ನೋಡು, ಕಂದು ಬಣ್ಣದ ಪಟ್ಟಿ. ರಂಜಕ ಇರೋದು ಅಲ್ಲಿ. ಕೆಂಪು ರಂಜಕ, ಜೊತೆಗೆ ಗಾಜಿನ ಪುಡಿ, ಅಂಟು. ಕಡ್ಡಿ ತುದೀಲಿ ರಂಜಕದ ಹೆಸರೂ ಇಲ್ಲ. ಅಲ್ಲಿರೋದು ಪೊಟ್ಯಾಸಿಯಂ ಕ್ಲೋರೇಟು, ಗಂಧಕ ಇತ್ಯಾದಿ. ಗೀರಿದಾಗ ಆ ಪಟ್ಟಿಯಿಂದ ಕಣ್ಣಿಗೆ ಕಾಣದಷ್ಟು ಕೆಂಪು ರಂಜಕ ಎದ್ದು, ಉಜ್ಜಿದ ಬಿಸಿಗೆ ಒಂದು ಕ್ಷಣ ಬಿಳಿ ರಂಜಕ ಆಗಿ ಹತ್ತಿಕೊಳ್ಳುತ್ತೆ. ಅದು ಕಡ್ಡಿ ತುದಿಗೆ ಹಚ್ಚುತ್ತೆ. ಕಡ್ಡೀನ ಮೇಣದಲ್ಲಿ ಅದ್ದಿರ್ತಾರೆ, ಅದಕ್ಕೇ ಜ್ವಾಲೆ ಮರಕ್ಕೆ ಇಳಿಯುತ್ತೆ. ಈಗ ಪೊಟ್ಟಣಕ್ಕೆ ಗೀರು. ಆರಿಸು. ತುದಿ ನೋಡು.

– ಕಪ್ಪಗಾಗಿದೆ.

– ಕೆಂಡ ಇದೆಯಾ?

– ಇಲ್ವಲ್ಲ! ಊದಿನಕಡ್ಡಿ ಆದ್ರೆ ಆರಿಸಿದ ಮೇಲೂ ಕೆಂಪಗೆ ಉರೀತಾನೇ ಇರುತ್ತೆ.

– ಕಡ್ಡಿಗೆ ಅಮೋನಿಯಂ ಫಾಸ್ಫೇಟ್ ಕುಡಿಸಿರ್ತಾರೆ, ಬಿಸಾಕಿದ ಮೇಲೆ ಕಿಡಿ ಉಳೀಬಾರದು ಅಂತ. ನಿನ್ನ ಕೈಯಲ್ಲಿರೋ ಕಡ್ಡೀಲಿ ಹೀಗೆ ನಾಲ್ಕೈದು ಜನರ, ಎರಡು ಶತಮಾನದ ತಲೆ ಇದೆ. ಇದು ಅಚಾನಕ್ಕಾಗಿ ಹುಟ್ಟಿದ್ದು ಅಂದ್ರೆ ನಾನು ಹೇಗೆ ಒಪ್ಪಲಿ?

– ಆದ್ರೆ ಮಾವ, ನನ್ನ ಪಟ್ಟೀಲಿ ಇದೂ ಇದೆ, ಆರನೇದು. ಇಂಗ್ಲೆಂಡಿನ ಸ್ಟಾಕ್ಟನ್ ಊರಲ್ಲಿ ಜಾನ್ ವಾಕರ್ ಅನ್ನೋ ಔಷಧಿ ಅಂಗಡಿಯವನು. 1826ರಲ್ಲಿ ಏನೋ ಕಲಸ್ತಿದ್ದ. ಕಲಸಿದ ಕಡ್ಡಿ ತುದೀಲಿ ಒಣಗಿದ ಗಟ್ಟಿ ಅಂಟಿತ್ತು. ಒಲೆಯ ಮುಂದಿನ ಕಲ್ಲಿಗೆ ಉಜ್ಜಿತು, ಬೆಂಕಿ ಬಂತು. ಇದಕ್ಕೇನಂತೀರಿ?

– ‘ಏನೋ’ ಕಲಸ್ತಿದ್ದ ಅಂದ್ಯಲ್ಲ, ಏನು?

– ಗೊತ್ತಿಲ್ಲ. ಔಷಧಿ ಇರಬೇಕು.

– ಬೆಂಕಿ ಹೊತ್ತಿಸೋ ಮಿಶ್ರಣವೇ ಕಣಮ್ಮ. ಆಂಟಿಮನಿ ಸಲ್ಫೈಡು, ಪೊಟ್ಯಾಸಿಯಂ ಕ್ಲೋರೇಟು, ಗೋಂದು. ಸಿಡಿದು ಉರಿಯೋ ಮಿಶ್ರಣಗಳು ಆಗಲೇ ಬೇಕಾದಷ್ಟಿದ್ವು. ಆ ಉರೀನ ಮರದ ಚೂರಿಗೆ ದಾಟಿಸೋದು ಹೇಗೆ ಅನ್ನೋದೇ ಯಾರಿಗೂ ಬಗೆಹರಿಯದ ಕಗ್ಗಂಟು. ವಾಕರ್ ಅದರ ಬೆನ್ನು ಹತ್ತಿದ್ದ. ಕಡ್ಡಿ ಕಲ್ಲಿಗೆ ತಗುಲಿದ್ದು ಅಚಾನಕ್ಕು, ಒಪ್ಕೋತೀನಿ. ಕಡ್ಡಿ ತುದೀಲಿ ಆ ಗಟ್ಟಿ ಇದ್ದದ್ದು ಅಚಾನಕ್ಕಲ್ಲ.

– ಅವನಿಗಿಂತ ಮೊದಲು ಜನ ಬೆಂಕಿ ಹೇಗೆ ಹಚ್ತಿದ್ರು?

– ಚಕಮಕಿ ಕಲ್ಲು. ಇಲ್ಲಾಂದ್ರೆ ಹಚ್ಚಿದ ಬೆಂಕಿ ಆರದ ಹಾಗೆ ಕಾಯೋದು. ರಾತ್ರಿ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿಡೋರು, ಬೆಳಿಗ್ಗೆ ಊದೋರು. ಆರಿಹೋದ್ರೆ ಪಕ್ಕದ ಮನೆಗೆ ಹೋಗಿ ಕೆಂಡ ಇಸ್ಕೊಂಡು ಬರೋರು. ಊರಿಗೆ ಬೆಂಕಿಪೊಟ್ಟಣ ಬಂದ ಮೇಲೂ ದುಡ್ಡು ಉಳಿಸೋಕೆ ನಮ್ಮಜ್ಜಿ ಹಾಗೇ ಮಾಡೋರು. ಇನ್ನೊಂದು ಕೇಳು, ನಿನ್ನ ಮಕ್ಕಳಿಗೆ ಇಷ್ಟ ಆಗುತ್ತೆ: ಬೆಂಕಿಕಡ್ಡಿಗಿಂತ ಲೈಟರ್ ಮೊದಲು ಬಂತು.

– ತಮಾಷೆ ಮಾಡಬೇಡಿ.

– ನಿಜ. 1823ರಲ್ಲಿ ಜರ್ಮನಿಯ ಯೇನಾದಲ್ಲಿ ಡೋಬರೈನರ್ ಅನ್ನೋ ರಸಾಯನಶಾಸ್ತ್ರಜ್ಞ ಮಾಡಿದ್ದ. ಗಾಜಿನ ಪಾತ್ರೇಲಿ ಸತು, ಗಂಧಕಾಮ್ಲ. ಎರಡೂ ಸೇರಿದ್ರೆ ಜಲಜನಕ ಬರುತ್ತೆ. ಅದು ಸ್ಪಂಜಿನಂಥ ಪ್ಲಾಟಿನಂಗೆ ತಗುಲಿದ್ರೆ ತಾನಾಗೇ ಹತ್ತಿಕೊಳ್ಳುತ್ತೆ. ಮೇಜಿನ ಮೇಲೆ ಇಟ್ಕೊಳ್ಳೋ ಸಾಮಾನು, ಸಾಹುಕಾರರಿಗೆ. ವಾಕರ್‌ದು ಬಡವರ ಲೈಟರ್ ಅನ್ನು.

– ವಾಕರ್ ಶ್ರೀಮಂತ ಆಗಿರಬೇಕು.

– ಪೇಟೆಂಟೇ ತಗೊಳ್ಳಲಿಲ್ಲ. ತನ್ನ ಪಾಡಿಗೆ ಅಂಗಡೀಲಿ ಮಾರ್ಕೊಂಡಿದ್ದ. ಮಡಿಸಿದ ಮರಳು ಕಾಗದ ಜೊತೆಗೆ ಕೊಡ್ತಿದ್ದ, ಕಡ್ಡೀನ ಅದರ ನಡುವೆ ಇಟ್ಟು ಸರ್ರಂತ ಎಳೀಬೇಕು. ಆಮೇಲೆ ಲಂಡನ್ನಿನ ಸ್ಯಾಮ್ಯುಯೆಲ್ ಜೋನ್ಸ್ ಅನ್ನೋನು ಅದನ್ನೇ ನಕಲು ಮಾಡಿ ಬೇರೆ ಹೆಸರಿಟ್ಟು ಮಾರಿದ. ವಾಕರ್ ತಾನೇ ಮೊದಲಿಗ ಅಂತ ಎಲ್ಲೂ ಎದೆ ತಟ್ಟಿಕೊಳ್ಳಲಿಲ್ಲ. ನಮಗೆ ಗೊತ್ತಾಗಿರೋದು ಅವನ ಅಂಗಡಿಯ ದಿನವಹಿ ಪುಸ್ತಕದಿಂದ. 1827ನೇ ಇಸವಿ ಏಪ್ರಿಲ್ 7ನೇ ತಾರೀಖು ಆ ಊರಿನ ವಕೀಲರೊಬ್ಬರಿಗೆ ಕಡ್ಡಿ ಮಾರಿದ ಲೆಕ್ಕ ಅದರಲ್ಲಿದೆ. ಲೆಕ್ಕ ಬರೆಯದ ಎಷ್ಟು ಅಂಗಡಿಯವರು, ಎಷ್ಟು ಅಡುಗೆಯವರು ಏನೇನು ಕಂಡುಹಿಡಿದಿದ್ರೋ.

– ಆದ್ರೆ ಮಾವ, ವಾಕರ್ ಮಿಶ್ರಣ ಅಂತ ನೀವು ಹೇಳಿದ್ರಲ್ಲ, ಅದರಲ್ಲಿ ರಂಜಕವೇ ಇಲ್ಲ. ಅದು ಎಲ್ಲಿಂದ ಬಂತು?

– ಉಚ್ಚೆಯಿಂದ.

– ಏನು?

– ನಿನಗೆ ಬೇಕಾಗಿದ್ದ ನಿಜವಾದ ಅಚಾನಕ್ಕು ಇಲ್ಲಿದೆ. 1669, ಜರ್ಮನಿಯ ಹ್ಯಾಂಬರ್ಗ್. ಹೆನ್ನಿಗ್ ಬ್ರಾಂಡ್ ಅನ್ನೋ ರಸವಾದಿ. ಉಚ್ಚೆ ಹಳದಿ, ಬಂಗಾರವೂ ಹಳದಿ, ಹಾಗಾಗಿ ಅದರಿಂದ ಇದು ತೆಗೀಬಹುದು ಅಂತ ಆ ಕಾಲದವರ ಲೆಕ್ಕಾಚಾರ. ಪೀಪಾಯಿಗಟ್ಟಲೆ ಉಚ್ಚೆ ತರಿಸಿ, ಕೊಳೆಯೋಕೆ ಬಿಟ್ಟು, ಪಾಕ ಬರೋವರೆಗೆ ಕುದಿಸಿ, ಉಳಿದದ್ದನ್ನ ನಿಗಿನಿಗಿ ಕಾಯಿಸಿದ. ದುಡ್ಡು ಹೆಂಡತಿ ಕಡೆಯದ್ದು. ಆ ಮನೇಲಿ ಆಕೆ ಹೇಗಿದ್ಳು ಅನ್ನೋದು ಯಾವ ಪುಸ್ತಕದಲ್ಲೂ ಇಲ್ಲ. ಬಂಗಾರ ಬರಲಿಲ್ಲ. ಕತ್ತಲಲ್ಲಿ ತಣ್ಣಗೆ ಹೊಳೆಯೋ, ಗಾಳಿಗೆ ಇಟ್ಟರೆ ಹತ್ತಿ ಉರಿಯೋ ಮೇಣದಂಥ ವಸ್ತು ಬಂತು. ಬಿಳಿ ರಂಜಕ. ಉಚ್ಚೇಲಿ ಫಾಸ್ಫೇಟ್ ಇರುತ್ತೆ, ಕಾಯಿಸಿದಾಗ ಅದರಲ್ಲೇ ಇರೋ ಇಂಗಾಲ ಅದರ ಆಮ್ಲಜನಕವನ್ನ ಕಿತ್ತುಕೊಳ್ಳುತ್ತೆ. ಆದ್ರೆ ಅವನಿಗೆ ಅದೆಲ್ಲ ಎಲ್ಲಿ ಗೊತ್ತು? ವರ್ಷಗಟ್ಟಲೆ ಗುಟ್ಟಾಗಿಟ್ಟು ಕೊನೆಗೆ ಮಾರಿಕೊಂಡ. ಕೊಂಡವರು ರಾಜರ ಆಸ್ಥಾನಗಳಲ್ಲಿ ದೀಪ ಆರಿಸಿ, ಹೊಳೆಯೋದನ್ನ ತೋರಿಸಿ ಕಾಸು ಮಾಡಿದ್ರು.

– ಗುಟ್ಟು ಹೇಗೆ ಹೊರಗೆ ಬಂತು?

– ಲಂಡನ್ನಿನಲ್ಲಿ ರಾಬರ್ಟ್ ಬಾಯ್ಲ್ ಆ ಪ್ರದರ್ಶನ ನೋಡಿದ. ಮನುಷ್ಯನ ಮೈಗೆ ಸಂಬಂಧಪಟ್ಟ ವಸ್ತುವಿನಿಂದ ಬರುತ್ತೆ ಅನ್ನೋದಷ್ಟೇ ಸುಳಿವು. ಅಷ್ಟರ ಮೇಲೆ ತಾನೇ ಮಾಡಿ ನೋಡಿ 1680ಕ್ಕೆ ತೆಗೆದ. ಗಂಧಕ ಹಚ್ಚಿದ ಕಡ್ಡೀನ ರಂಜಕಕ್ಕೆ ತಾಗಿಸಿ ಬೆಂಕೀನೂ ಬರಿಸಿದ. ಅಂದ್ರೆ ವಾಕರ್‌ಗಿಂತ ಸುಮಾರು ನೂರೈವತ್ತು ವರ್ಷ ಮೊದಲೇ ಬೆಂಕಿಕಡ್ಡಿ ಹೆಚ್ಚುಕಡಿಮೆ ಆಗಿತ್ತು. ರಂಜಕ ದುಬಾರಿ, ಹಾಗಾಗಿ ಯಾರಿಗೂ ಬೇಡ. ಆಮೇಲೆ ಸ್ವೀಡನ್ನಿನವರು ಮೂಳೇಲಿ ರಂಜಕ ಇದೆ ಅಂತ ಕಂಡುಹಿಡಿದ್ರು, ಬೆಲೆ ಇಳೀತು. 1830ರ ಸುಮಾರಿಗೆ ಫ್ರಾನ್ಸಿನ ಶಾರ್ಲ್ ಸೋರಿಯಾ ಅನ್ನೋ ಹುಡುಗ ಬಿಳಿ ರಂಜಕ ಸೇರಿಸಿ ಕಡ್ಡಿ ಮಾಡಿದ. ಗೋಡೆಗೆ, ಬೂಟಿಗೆ, ಎಲ್ಲಿಗೆ ಗೀರಿದ್ರೂ ಹತ್ತೋದು. ಅಲ್ಲಿಗೆ ವಾಕರ್ ಕಡ್ಡಿ ಕಥೆ ಮುಗೀತು. ನಾನು ಕ್ಲಾಸಲ್ಲಿ ಇಲ್ಲೇ ನಿಲ್ಲಿಸಿ, ಬಿಳಿ ರಂಜಕ ವಿಷ, ಆಮೇಲೆ ಕೆಂಪು ರಂಜಕ ಬಂತು, ಎಲ್ಲ ಸರಿಹೋಯ್ತು ಅಂತ ಬೋರ್ಡು ಒರೆಸ್ತಿದ್ದೆ.

– ಸರಿಹೋಗಲಿಲ್ಲ ಮಾವ. ಇದು ನನಗೆ ಗೊತ್ತು, ಎಂ.ಎ.ನಲ್ಲಿ ಓದಿದ್ದೀನಿ. ಕೆಂಪು ರಂಜಕ ಯಾವಾಗ ಬಂತು?

– 1845ರ ಸುಮಾರಿಗೆ, ವಿಯೆನ್ನಾದಲ್ಲಿ ಶ್ರೋಟರ್. ಸ್ವೀಡನ್ನಿನ ಪಾಶ್ ಅದಕ್ಕೂ ಮುಂಚೆ, 1844ರಲ್ಲೇ, ರಂಜಕವನ್ನ ಕಡ್ಡಿಯಿಂದ ತೆಗೆದು ಪೊಟ್ಟಣದ ಪಕ್ಕಕ್ಕೆ ಹಾಕೋ ಪೇಟೆಂಟ್ ತಗೊಂಡಿದ್ದ. ಯಾನ್‌ಶೋಪಿಂಗ್ ಊರಿನ ಲುಂಡ್‌ಸ್ಟ್ರೋಮ್ ಅಣ್ಣತಮ್ಮಂದಿರು 1855ರ ಪ್ಯಾರಿಸ್ ಪ್ರದರ್ಶನದಲ್ಲಿ ಅಂಥ ಕಡ್ಡಿಗೆ ಪದಕ ಗೆದ್ರು.

– ಅದೇ 1855ರಲ್ಲಿ ಅದರ ಬ್ರಿಟಿಷ್ ಹಕ್ಕು ಕೊಂಡವರು ಯಾರು ಗೊತ್ತಾ? ಬ್ರಯಾಂಟ್ ಅಂಡ್ ಮೇ. ಲಂಡನ್ನಿನ ಬೋ ಅನ್ನೋ ಕಡೆ ಕಾರ್ಖಾನೆ ಇತ್ತಲ್ಲ, ಅವರೇ. ಅಪಾಯ ಇಲ್ಲದ ಕಡ್ಡಿಯ ಹಕ್ಕು ಕೈಯಲ್ಲಿಟ್ಟುಕೊಂಡೇ ಬಿಳಿ ರಂಜಕದ ಕಡ್ಡೀನೂ ಮಾಡ್ತಾ ಹೋದ್ರು. ಅದು ಅಗ್ಗ, ಜನಕ್ಕೆ ಎಲ್ಲಿ ಬೇಕಾದ್ರೂ ಗೀರೋ ಕಡ್ಡೀನೇ ಬೇಕು. ಅಲ್ಲಿ ದುಡೀತಿದ್ದವರು ಹೆಂಗಸರು, ಹನ್ನೆರಡು ಹದಿಮೂರರ ಹುಡುಗಿಯರು. ರಂಜಕದ ಹೊಗೆ ಉಸಿರಲ್ಲಿ, ಅದೇ ಕೈಯಲ್ಲಿ ಅಲ್ಲೇ ಊಟ. ಮೊದಲು ಹಲ್ಲುನೋವು. ಆಮೇಲೆ ವಸಡು ಊದಿ ಕೀವು. ದವಡೆ ಮೂಳೆ ಒಳಗೇ ಕೊಳೆಯೋದು. ಪಕ್ಕದಲ್ಲಿ ಯಾರೂ ಕೂರೋಕಾಗದಷ್ಟು ನಾತ. ದವಡೇನೇ ಕತ್ತರಿಸಿ ತೆಗೆದ್ರೆ ಬದುಕು, ಇಲ್ಲಾಂದ್ರೆ ಇಲ್ಲ.

– ನೆಕ್ರೋಸಿಸ್. ಪದ ಹೇಳಿಕೊಟ್ಟಿದ್ದೆ, ಇಷ್ಟು ಹೇಳಿರಲಿಲ್ಲ.

– ನಿಂತು ಕೆಲಸ ಮಾಡಬೇಕು, ಮಾತಾಡಿದ್ರೆ ದಂಡ, ಕಾಲು ಕೊಳೆಯಾಗಿದ್ರೆ ದಂಡ. 1888ರ ಜೂನಿನಲ್ಲಿ ಒಬ್ಬ ಪತ್ರಕರ್ತೆ ಆ ಹುಡುಗಿಯರನ್ನ ಮಾತಾಡಿಸಿ ತನ್ನ ಪತ್ರಿಕೇಲಿ ಎಲ್ಲ ಬರೆದಳು. ಅದು ಸುಳ್ಳು ಅಂತ ಸಹಿ ಹಾಕಿ ಅಂತ ಕಂಪನಿ ಹುಡುಗಿಯರನ್ನ ಒತ್ತಾಯಿಸ್ತು. ಹಾಕಲಿಲ್ಲ. ಒಬ್ಬಳನ್ನ ಕೆಲಸದಿಂದ ತೆಗೆದ್ರು. ಜುಲೈನಲ್ಲಿ ಸುಮಾರು 1400 ಜನ ಹೊರಗೆ ಬಂದ್ರು. ಎರಡು ವಾರದಲ್ಲಿ ಕಂಪನಿ ಬಗ್ಗಿತು. ದಂಡ ರದ್ದು, ಊಟಕ್ಕೆ ಬೇರೆ ಕೋಣೆ. ಆ ಪತ್ರಕರ್ತೆ ನಿಮಗೆ ಗೊತ್ತಿರೋರೇ.

– ನನಗೆ?

– ನೀವು ಓದಿದ ಬಸವನಗುಡಿ ನ್ಯಾಷನಲ್ ಹೈಸ್ಕೂಲು ಶುರು ಮಾಡಿದ್ದು ಯಾರು?

– ಆನಿ ಬೆಸೆಂಟ್! ನಮ್ಮ ಬೆಸೆಂಟಮ್ಮನೇ?

– ಅವರೇ. ಇಂಡಿಯಾಕ್ಕೆ ಬರೋ ಮೊದಲಿನ ಕೆಲಸ ಅದು. ನಿಮ್ಮ ಶಾಲೆ 1917ರದ್ದು, ಅದೇ ವರ್ಷ ಅವರು ಕಾಂಗ್ರೆಸ್ ಅಧ್ಯಕ್ಷೆ ಆಗಿದ್ದು. ಮುಷ್ಕರಕ್ಕೆ ಅವರೇ ನಾಯಕಿ ಅಂತ ಬಹಳ ಪುಸ್ತಕ ಹೇಳುತ್ವೆ. ಲೂಯಿಸ್ ರಾ ಅನ್ನೋ ಇತಿಹಾಸಕಾರ್ತಿ, ಇಲ್ಲ, ಹೆಜ್ಜೆ ಇಟ್ಟಿದ್ದು ಆ ಹುಡುಗಿಯರೇ, ಬೆಸೆಂಟ್ ಜೊತೆಗೆ ನಿಂತ್ರು ಅಂತ ವಾದಿಸ್ತಾಳೆ. ನನಗೂ ಹಾಗೇ ಅನ್ಸುತ್ತೆ. ಹೊಟ್ಟೆಗಿಲ್ಲದವರು ಹೊರಗಿನವರ ಮಾತು ಕೇಳಿ ಕೂಲಿ ಬಿಟ್ಟು ಬರ್ತಾರಾ?

– ನಾಲ್ಕು ದಶಕ ರಂಜಕದ ಪಾಠ ಮಾಡಿದೆ. ಇದನ್ನ ಒಬ್ಬರೂ ಹೇಳಿರಲಿಲ್ಲ ನೋಡು.

– ಅಷ್ಟಾದ್ರೂ ಬಿಳಿ ರಂಜಕ ನಿಲ್ಲಲಿಲ್ಲ ಮಾವ. ದವಡೆ ರೋಗದ ಪ್ರಕರಣಗಳನ್ನ ಮುಚ್ಚಿಟ್ಟಿದ್ದಕ್ಕೆ 1898ರಲ್ಲಿ ಆ ಕಂಪನಿಗೆ ದಂಡ ಬಿತ್ತು. ಬಿಳಿ ರಂಜಕ ಬಿಟ್ಟಿದ್ದು 1901ರಲ್ಲಿ. 1906ರಲ್ಲಿ ಬರ್ನ್ ನಗರದಲ್ಲಿ ಹಲವು ದೇಶ ಸೇರಿ ಒಪ್ಪಂದ ಮಾಡಿಕೊಂಡ್ವು. ನಮ್ಮಲ್ಲಿ ಅದನ್ನ ನಿಷೇಧಿಸೋ ಕಾಯಿದೆ ಬಂದದ್ದು 1913ರಲ್ಲಿ.

– ಅಪಾಯ ಇಲ್ಲದ ಕಡ್ಡಿ ಕಂಡುಹಿಡಿದದ್ದು 1844, ನಮ್ಮಲ್ಲಿ ಕಾಯಿದೆ ಬಂದದ್ದು 1913. ಅಲ್ಲಿಗೆ ಎಪ್ಪತ್ತು ವರ್ಷದ ಹತ್ತಿರ. ವೆಲ್‌ಕ್ರೋದವನದ್ದು ಹದಿನಾಲ್ಕು ಅಂತ ನಾನು ದೊಡ್ಡದಾಗಿ ಹೇಳಿದೆ.

– ಅವನಿಗೆ ದಾರ ಹದಕ್ಕೆ ಬರಲಿಲ್ಲ, ಅದಕ್ಕೆ ತಡ. ಇಲ್ಲಿ ಎಲ್ಲ ಹದವಾಗೇ ಇತ್ತು. ನೀವು ಕಷ್ಟಪಟ್ಟವನ ಹದಿನಾಲ್ಕು ವರ್ಷ ಬಿಟ್ಟೆ ಅಂತ ನನ್ನ ಬೈದ್ರಿ. ನೀವು ಬಿಟ್ಟದ್ದು ಇದನ್ನ.

– ಸರಿ ತಾಯಿ, ಸಮ. ಈ ಪೊಟ್ಟಣ ಎಲ್ಲಿಯದ್ದು, ಹಿಂದೆ ತಿರುಗಿಸಿ ನೋಡು.

– ಶಿವಕಾಶಿ. ಅಕ್ಷರ ಎಷ್ಟು ಸಣ್ಣ!

– ಅದಕ್ಕೂ ಒಂದು ಕಥೆ. ಮೊದಲೆಲ್ಲ ಸ್ವೀಡನ್, ಜಪಾನಿನಿಂದ ಬರ್ತಿತ್ತು. 1922ರಲ್ಲಿ ಶಿವಕಾಶಿಯ ಅಯ್ಯ ನಾಡಾರ್, ಷಣ್ಮುಗ ನಾಡಾರ್ ಇಬ್ಬರೂ ಕಲ್ಕತ್ತಕ್ಕೆ ಹೋಗಿ ಬೆಂಕಿಪೊಟ್ಟಣ ಮಾಡೋದು ಕಲಿತು ಬಂದ್ರು. ಅವರ ಊರು ಬರಡು. ಮಳೆ ಇಲ್ಲ, ಬೆಳೆ ಇಲ್ಲ. ಆದ್ರೆ ಅದ್ದಿದ ಕಡ್ಡಿ ಒಣಗೋಕೆ ಅದಕ್ಕಿಂತ ಒಳ್ಳೆ ಜಾಗ ಬೇಕಾ? ಬೇರೆಯವರು ಶಾಪ ಅಂದ ಬಿಸಿಲನ್ನೇ ಅವರು ಬಂಡವಾಳ ಮಾಡಿಕೊಂಡ್ರು. ಪೊಟ್ಟಣಕ್ಕೆ ಚೀಟಿ ಬೇಕಲ್ಲ, ಆನೆ, ನವಿಲು, ಬಣ್ಣಬಣ್ಣದ್ದು. ಅದನ್ನ ಅಚ್ಚು ಹಾಕೋಕೆ ಮುದ್ರಣಾಲಯ ಬಂದ್ವು. ಮುದ್ರಣಾಲಯ ಬೆಳೆದು ಕ್ಯಾಲೆಂಡರು, ಡೈರಿ. ನಮ್ಮ ಗೋಡೆ ಮೇಲೆ ತೂಗಿದ ಎಷ್ಟು ಲಕ್ಷ್ಮೀ, ಎಷ್ಟು ಸುಬ್ರಹ್ಮಣ್ಯ ಬೆಂಕಿಪೊಟ್ಟಣದ ಚೀಟಿಯ ವಂಶದವರೋ.

– ಇದು ಹಾಕ್ತೀನಿ! ಇದು ಖಂಡಿತ ಹಾಕ್ತೀನಿ. ಆದ್ರೆ ಇನ್ನೊಂದನ್ನೂ ಹಾಕ್ತೀನಿ. ಆ ಕಡ್ಡಿಗಳನ್ನ ಚೌಕಟ್ಟಿಗೆ ಜೋಡಿಸಿದ್ದು, ಪೊಟ್ಟಣಕ್ಕೆ ತುಂಬಿದ್ದು ವರ್ಷಗಟ್ಟಲೆ ಮಕ್ಕಳ ಕೈಗಳೇ. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಶಿವಕಾಶಿಯ ಪ್ರಕರಣದಲ್ಲೇ ತೀರ್ಪು ಕೊಡ್ತು. ಮಗುವನ್ನ ದುಡಿಸಿಕೊಂಡ ಮಾಲೀಕ ಮಗುವೊಂದಕ್ಕೆ 20,000 ರೂಪಾಯಿ ಕಟ್ಟಬೇಕು, ಆ ದುಡ್ಡು ಮಗುವಿನ ಒಳಿತಿಗೆ ಹೋಗಬೇಕು ಅಂತ.

– ಮಕ್ಕಳ ವಿಡಿಯೋದಲ್ಲಿ ಇದನ್ನ ಹೇಳ್ತೀಯಾ? ದವಡೆ ಕತ್ತರಿಸಿದ್ದು, ಎಲ್ಲ?

– ದವಡೆ ವಿಷಯ ಹೇಗೆ ಹೇಳಬೇಕೋ ಯೋಚಿಸ್ತೀನಿ. ಉಳಿದದ್ದು ಹೇಳ್ತೀನಿ. ನೋಡೋ ಮಕ್ಕಳ ವಯಸ್ಸಿನವರೇ ತಾನೇ ಕಡ್ಡಿ ತುಂಬ್ತಿದ್ದದ್ದು? ಶುರು ಮಾತ್ರ ಉಚ್ಚೆಯಿಂದಲೇ. ಆಮೇಲೆ ಒಬ್ಬರೂ ಎದ್ದು ಹೋಗಲ್ಲ.

– ಈಗ ಒಂದು ಪೊಟ್ಟಣ ಎಷ್ಟು?

– ಎರಡು ರೂಪಾಯಿ. ಒಂದು ರೂಪಾಯಿದು ಎರಡಾಗೋಕೆ ಹದಿನಾಲ್ಕು ವರ್ಷ ಹಿಡೀತು. 2007ರಿಂದ 2021ರ ತನಕ ಹಾಗೇ ಇತ್ತು. ಅಷ್ಟರಲ್ಲಿ ಮಸಾಲೆದೋಸೆ ಎಲ್ಲಿಂದ ಎಲ್ಲಿಗೆ ಹೋಯ್ತು!

– ಕೊಳ್ಳೋರು ಕಡಿಮೆ ಆಗಿದ್ದಾರೆ ಕಣೇ. ಒಲೆಗಂತೂ ಯಾರೂ ಕಡ್ಡಿ ಗೀರಲ್ಲ. ದೇವರ ಮನೆಗೆ, ಕರೆಂಟ್ ಹೋದ್ರೆ ಮೇಣದ ಬತ್ತಿಗೆ, ಅಷ್ಟೆ. ಅಡುಗೆಮನೇಲಿ ಗ್ಯಾಸ್ ಲೈಟರ್ ಬಂದು ಎಷ್ಟು ಕಾಲ ಆಯ್ತು.

– ಹೌದಲ್ಲ! ಅದರೊಳಗೆ ಬ್ಯಾಟರಿ ಇಲ್ಲ, ಗ್ಯಾಸ್ ಇಲ್ಲ, ಒತ್ತಿದ್ರೆ ಟಕ್ ಅಂತ ಕಿಡಿ. ಅದು ಹೇಗೆ?

– ಟಕ್ ಅನ್ನೋದು ಒಳಗಿನ ಸ್ಪ್ರಿಂಗ್ ಸುತ್ತಿಗೆ ಏಟು. ಪಿಂಗಾಣಿಯಂಥ ಒಂದು ಪುಟ್ಟ ತುಂಡಿಗೆ ಹೊಡೆಯುತ್ತೆ. ಒತ್ತಡ ಬಿದ್ದ ಕ್ಷಣಕ್ಕೆ ಆ ತುಂಡಿನಲ್ಲಿ ಸಾವಿರಾರು ವೋಲ್ಟ್ ವಿದ್ಯುತ್ ಹುಟ್ಟಿ ತುದೀಲಿ ಕಿಡಿ ಹಾರುತ್ತೆ. ಒತ್ತಿದ್ರೆ ವಿದ್ಯುತ್ ಬರೋ ಈ ಗುಣಾನ 1880ರಲ್ಲಿ ಪ್ಯಾರಿಸಿನಲ್ಲಿ ಜಾಕ್ ಕ್ಯೂರಿ, ಪಿಯರ್ ಕ್ಯೂರಿ ಅನ್ನೋ ಅಣ್ಣತಮ್ಮಂದಿರು ಸ್ಫಟಿಕಗಳಲ್ಲಿ ಕಂಡುಹಿಡಿದ್ರು. ಮೇರಿ ಕ್ಯೂರಿ ಗಂಡ ಪಿಯರ್, ಅವನೇ. ಮದುವೆಗೆ ಎಷ್ಟೋ ವರ್ಷ ಮೊದಲು.

– ಹೇಗೆ ಸಿಕ್ತು? ಸ್ಫಟಿಕ ಕೈಜಾರಿ ಬಿತ್ತಾ?

– ಇಲ್ಲ. ಸ್ಫಟಿಕದೊಳಗಿನ ಜೋಡಣೆ ಹೀಗಿದ್ರೆ, ಈ ದಿಕ್ಕಿಗೆ ಒತ್ತಿದ್ರೆ ವಿದ್ಯುತ್ ಬರಲೇಬೇಕು ಅಂತ ಮೊದಲು ಲೆಕ್ಕ ಹಾಕಿದ್ರು. ಆಮೇಲೆ ಒತ್ತಿ ನೋಡಿದ್ರು. ಬಂತು.

– ಬೆಂಕಿ ಗಿಂಕಿ, ಯಾರದ್ದಾದ್ರೂ ಗಡ್ಡ ಸುಟ್ಟದ್ದು?

– ಏನೂ ಇಲ್ಲ.

– ಅಯ್ಯೋ ಮಾವ, ಅದನ್ನ ಯಾರು ನೋಡ್ತಾರೆ?